ಹಳೇ ಚೈನ್‌ಸಾ ಎಂಜಿನ್ ಮಾಡೆಲ್ ವಿಮಾನಕ್ಕೆ: ಕತ್ತರಿಸುವ ಮೊದಲಿಂದ ಮೊದಲ ಹಾರಾಟದವರೆಗೆ

ಮರ ಕೊಯ್ಯುವ ಚೈನ್‌ಸಾದ ಎಂಜಿನ್ನನ್ನು ರಿಮೋಟ್‌ನಲ್ಲಿ ಹಾರಿಸುವ ಮಾಡೆಲ್ ವಿಮಾನಕ್ಕೆ ಹಾಕಲು ಹೊರಟವರಿಂದ ಬರುವ ದೂರು ಹೆಚ್ಚುಕಮ್ಮಿ ಒಂದೇ. "ಎಂಜಿನ್ ಬಿಚ್ಚಿದೆ, ಹಬ್ ಮಾಡಿಸಿದೆ, ಪ್ರೊಪೆಲ್ಲರ್ ಹಾಕಿದೆ. ನಾಲ್ಕು ಸೆಕೆಂಡ್ ಓಡಿ ನಿಂತುಬಿಡುತ್ತೆ." ಅಥವಾ, "ಬಿಚ್ಚಿದ ಮೇಲೆ ಗೊತ್ತಾಯ್ತು, ಬೇರಿಂಗ್ ಪ್ಲಾಸ್ಟಿಕ್‌ನಲ್ಲಿ ಕೂತಿದೆ." ಇವರಲ್ಲಿ ಯಾರಿಗೂ ಕೈಕೆಲಸ ಬರದೇ ಇಲ್ಲ. ಮಾಡುವ ಕ್ರಮ ತಪ್ಪಿದೆ, ಅಷ್ಟೇ. ಮೊದಲು ನೋಡಬೇಕಾದ್ದನ್ನು ಕೊನೆಗೆ ನೋಡಿದ್ದಾರೆ.

ಅದಕ್ಕೇ ಇಲ್ಲಿ ಕ್ರಮಕ್ಕೆ ಜಾಸ್ತಿ ಒತ್ತು ಕೊಟ್ಟಿದ್ದೇನೆ. ಹಂತ ಹಾರಿಸಬೇಡಿ. ಮುಖ್ಯವಾಗಿ ಮೊದಲ ಎರಡು ಹಂತ ಮುಗಿಯುವವರೆಗೆ ಗರಗಸ, ಗ್ರೈಂಡರ್ ಯಾವುದನ್ನೂ ಮುಟ್ಟಬೇಡಿ.

## ಬೇಕಾಗುವ ಸಾಮಾನು

ಸ್ಪ್ಯಾನರ್, ಅಲೆನ್ ಕೀ, ಟಾರ್ಕ್ಸ್ ಬಿಟ್ ಸೆಟ್ (ಚೈನ್‌ಸಾ ಎಂಜಿನ್‌ಗಳಲ್ಲಿ ಟಿ27 ಸ್ಕ್ರೂ ತುಂಬಾ ಸಾಮಾನ್ಯ), ಫ್ಲೈವೀಲ್ (ಶಾಫ್ಟ್ ತುದಿಯ ಭಾರದ ಚಕ್ರ) ಎಳೆದು ತೆಗೆಯುವ ಪುಲ್ಲರ್, ಕಂಪ್ರೆಷನ್ ಗೇಜ್, ಫೀಲರ್ ಗೇಜ್, ವರ್ನಿಯರ್, ಆರ್‌ಪಿಎಂ ನೋಡಲು ಟ್ಯಾಕೋಮೀಟರ್. ಒಂದೆರಡು ಮೀಟರ್ ನೈಲಾನ್ ಹಗ್ಗ. ಗೇಜ್ ಇರುವ ಸಣ್ಣ ಕೈಪಂಪ್. ಸಿಡಿಐ ಇಗ್ನಿಷನ್ (ಬ್ಯಾಟರಿಯಿಂದ ಸ್ಪಾರ್ಕ್ ಕೊಡುವ ಎಲೆಕ್ಟ್ರಾನಿಕ್ ಸಾಧನ) ಹಾಕುವವರಿಗೆ ಡಿಗ್ರಿ ಚಕ್ರವೂ ಬೇಕು, ಕಾಗದದ ಮೇಲೆ ಪ್ರಿಂಟ್ ಮಾಡಿ ರಟ್ಟಿಗೆ ಅಂಟಿಸಿದರೂ ಸಾಕು.

ಲೇತ್ ನಿಮ್ಮ ಬಳಿ ಇರಲೇಬೇಕು ಅಂತಿಲ್ಲ. ಆದರೆ ಲೇತ್ ಕೆಲಸ ಬಲ್ಲವರು ಒಬ್ಬರು ಬೇಕೇ ಬೇಕು. ಪ್ರೊಪೆಲ್ಲರ್ ಹಬ್ ಅನ್ನು (ಶಾಫ್ಟ್‌ಗೆ ಪ್ರೊಪೆಲ್ಲರ್ ಜೋಡಿಸುವ ತುಂಡು) ಡ್ರಿಲ್ ಮತ್ತು ಅರದಲ್ಲಿ ಮಾಡಿಕೊಳ್ಳುತ್ತೇನೆ ಅನ್ನುವವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. 7,000 ಆರ್‌ಪಿಎಂನಲ್ಲಿ ತಿರುಗುವ ಅರ್ಧ ಮೀಟರ್ ಉದ್ದದ ಪ್ರೊಪೆಲ್ಲರ್ ಆ ಹಬ್‌ನ ಮೇಲೆ ಕೂತಿರುತ್ತೆ.

## ಹಂತ 1: ಸರಿಯಾದ ಎಂಜಿನ್ ಆರಿಸಿ

ಸೈಜ್ ಲೆಕ್ಕದಲ್ಲಿ 35ರಿಂದ 60 ಸಿಸಿ ಒಳಗಿನವು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿವೆ. 25 ಸಿಸಿಗಿಂತ ಚಿಕ್ಕದನ್ನು ಪರಿವರ್ತಿಸಿದರೆ ಪಟ್ಟ ಶ್ರಮಕ್ಕೆ ತಕ್ಕ ಶಕ್ತಿ ಸಿಗುವುದಿಲ್ಲ. 70 ಸಿಸಿ ದಾಟಿದರೆ ಕೈಯಲ್ಲಿ ತಿರುಗಿಸಿ ಸ್ಟಾರ್ಟ್ ಮಾಡುವುದೇ ಅಪಾಯ.

ಸೈಜಿಗಿಂತ ಮುಖ್ಯವಾದದ್ದು ಕ್ರ್ಯಾಂಕ್‌ಕೇಸ್, ಅಂದರೆ ಕ್ರ್ಯಾಂಕ್ (ತಿರುಗುವ ಶಾಫ್ಟ್) ಕೂರುವ ಪೆಟ್ಟಿಗೆ, ಯಾವ ಥರದ್ದು ಅನ್ನುವುದು. ಜನ ಎಡವುವುದು ಇಲ್ಲೇ.

ಒಂದು ಥರದಲ್ಲಿ ಕ್ರ್ಯಾಂಕ್‌ಕೇಸ್ ಎಡ-ಬಲ ಎರಡು ಲೋಹದ ಭಾಗಗಳಾಗಿ ಸೇರಿಕೊಂಡಿರುತ್ತೆ. ಬೇರಿಂಗ್ ಎರಡೂ ಲೋಹದಲ್ಲೇ ಕೂತಿರುತ್ತವೆ. ವೃತ್ತಿಯಲ್ಲಿ ಮರ ಕೊಯ್ಯುವವರ ಸಾಗಳು ಹೆಚ್ಚಾಗಿ ಹೀಗೆ. ನಮಗೆ ಬೇಕಾದ್ದು ಇದು.

ಇನ್ನೊಂದು ಥರದಲ್ಲಿ ಸಿಲಿಂಡರ್ ಮತ್ತು ಕ್ರ್ಯಾಂಕ್‌ಕೇಸ್‌ನ ಮೇಲರ್ಧ ಒಂದೇ ತುಂಡು, ಕೆಳಗಿನ ಅರ್ಧ ತಟ್ಟೆಯ ಹಾಗೆ ನಾಲ್ಕು ಬೋಲ್ಟ್‌ನಲ್ಲಿ ಬಂದು ಕೂರುತ್ತೆ. ಆ ತಟ್ಟೆ ಅಲ್ಯೂಮಿನಿಯಂ ಆಗಿದ್ದರೆ ಪರವಾಗಿಲ್ಲ. ಕೆಲವು ಅಗ್ಗದ ಸಾಗಳಲ್ಲಿ ತಟ್ಟೆ ಅಂತ ಬೇರೆ ಇರುವುದೇ ಇಲ್ಲ, ಚೈನ್‌ಸಾದ ಪ್ಲಾಸ್ಟಿಕ್ ಮೈಯೇ ಬೇರಿಂಗನ್ನು ಕೆಳಗಿನಿಂದ ಹಿಡಿದಿರುತ್ತೆ. ಎಂಜಿನ್ ಹೊರಗೆ ತೆಗೆದ ಕೂಡಲೇ ಕ್ರ್ಯಾಂಕ್ ಕೈಗೆ ಬರುತ್ತೆ! ನನ್ನ ಮೊದಲ ಎಂಜಿನ್ ಇಂಥದ್ದೇ. ಉತ್ಸಾಹದಲ್ಲಿ ಪ್ಲಾಸ್ಟಿಕ್ ಮೈಯನ್ನು ಮೊದಲೇ ಕೊಯ್ದು ಎಸೆದಿದ್ದೆ, ಆಮೇಲೆ ಬೇರಿಂಗ್ ಕೂರಿಸಲು ಜಾಗವೇ ಇರಲಿಲ್ಲ. ಲೋಹದ ತಟ್ಟೆ ಮಾಡಿಸಿ ಉಳಿಸಿಕೊಂಡವರೂ ಇದ್ದಾರೆ. ಮೊದಲ ಸಲಕ್ಕೆ ಆ ತಲೆನೋವು ಬೇಡ.

ಬಿಚ್ಚದೆ ತಿಳಿಯುವುದು ಹೇಗೆ? ಆ ಮಾಡೆಲ್‌ನ ಬಿಡಿಭಾಗಗಳ ಚಿತ್ರ ಹುಡುಕಿ ನೋಡಿ. ಕ್ರ್ಯಾಂಕ್‌ಕೇಸ್ ಅನ್ನುವ ಭಾಗಕ್ಕೆ ಬೇರೆ ನಂಬರ್ ಇದೆಯಾ, ಅದರ ಚಿತ್ರ ಹೇಗಿದೆ ಅಂತ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತೆ.

## ಹಂತ 2: ಬಿಚ್ಚುವ ಮೊದಲು ಸಾ ಆಗಿಯೇ ಓಡಿಸಿ

ಮರ ಕೊಯ್ಯುವಾಗ ಸರಿಯಾಗಿ ಓಡದ ಎಂಜಿನ್ ವಿಮಾನದಲ್ಲಂತೂ ಓಡುವುದಿಲ್ಲ. ರೋಗ ಇದ್ದರೆ ಈಗಲೇ ಹಿಡಿಯಿರಿ. ಪರಿವರ್ತನೆ ಆದ ಮೇಲೆ ನಿಂತರೆ ತಪ್ಪು ಹಳೇದೋ, ನೀವು ಮಾಡಿದ್ದೋ ಹೇಳುವುದು ಕಷ್ಟ. ಇದೊಂದು ಹಂತ ಮಾಡಿದವರು ಮುಂದೆ ಅರ್ಧ ಗೊಂದಲದಿಂದ ಪಾರಾಗುತ್ತಾರೆ.

ಮೊದಲು ಕಂಪ್ರೆಷನ್. ಥ್ರಾಟಲ್ ಪೂರ್ತಿ ತೆರೆದು, ಗೇಜ್ ಹಾಕಿ, ಮುಳ್ಳು ಏರುವುದು ನಿಲ್ಲುವವರೆಗೆ ಸ್ಟಾರ್ಟರ್ ಹಗ್ಗ ಎಳೆಯಿರಿ. 120ರಿಂದ 150 ಪಿಎಸ್‌ಐ ಬಂದರೆ ಚೆನ್ನಾಗಿದೆ. 90ಕ್ಕಿಂತ ಕಮ್ಮಿ ಇದ್ದರೆ ರಿಂಗ್ ಅಥವಾ ಸಿಲಿಂಡರ್ ಸವೆದಿದೆ.

ಆಮೇಲೆ ಸೈಲೆನ್ಸರ್ ಬಿಚ್ಚಿ ಎಕ್ಸಾಸ್ಟ್ ಕಿಂಡಿಯೊಳಗೆ ಟಾರ್ಚ್ ಬಿಡಿ. ಪಿಸ್ಟನ್ ಮೈ ನುಣ್ಣಗಿರಬೇಕು. ಮೇಲಿಂದ ಕೆಳಕ್ಕೆ ಉಗುರಿಗೆ ಸಿಗುವಂಥ ಗೀರು ಇದ್ದರೆ ಒಂದಲ್ಲ ಒಂದು ಸಲ ಎಣ್ಣೆಯಿಲ್ಲದೆ ಓಡಿ ಕಚ್ಚಿಕೊಂಡಿದೆ ಅಂತ ಅರ್ಥ. ಅದನ್ನು ಬಿಟ್ಟು ಬೇರೆ ನೋಡಿ.

ಮೂರನೆಯದು, ಫ್ಲೈವೀಲ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಲಟಲಟ ಅಂದರೆ ಬೇರಿಂಗ್ ಹೋಗಿದೆ. ಬೇರಿಂಗ್ ಬದಲಿಸಬಹುದು, ಅದೇನೂ ದೊಡ್ಡ ವಿಷಯವಲ್ಲ, ಮೊದಲೇ ಗೊತ್ತಿರಲಿ ಅಷ್ಟೇ.

ಕೊನೆಗೆ ಸ್ಟಾರ್ಟ್ ಮಾಡಿ. ಐಡಲ್ ನಿಲ್ಲುತ್ತಾ? ಥ್ರಾಟಲ್ ಕೊಟ್ಟ ಕೂಡಲೇ ಏರುತ್ತಾ? ಬಿಸಿಯಾದ ಮೇಲೆ ಆಫ್ ಮಾಡಿ ಮತ್ತೆ ಸ್ಟಾರ್ಟ್ ಆಗುತ್ತಾ? ಬಿಸಿಯಲ್ಲಿ ಸ್ಪಾರ್ಕ್ ಸತ್ತು ತಣ್ಣಗಾದ ಮೇಲೆ ಬದುಕಿದರೆ ಸ್ಪಾರ್ಕ್ ಕೊಡುವ ಕಾಯಿಲ್ ಕೆಟ್ಟಿದೆ.

ತಿರುಗುವ ದಿಕ್ಕು ಈಗಲೇ ಬರೆದಿಡಿ. ಬಹುತೇಕ ಸಾಗಳಲ್ಲಿ ಕ್ಲಚ್ ಕಡೆಯಿಂದ ನೋಡಿದರೆ ಕ್ರ್ಯಾಂಕ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತೆ. ಅಂದರೆ ಫ್ಲೈವೀಲ್ ಕಡೆಯಿಂದ ನೋಡಿದರೆ ಅದರ ಉಲ್ಟಾ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪ್ರೊಪೆಲ್ಲರ್ ಕೂಡ ವಿಮಾನದ ಮುಂದೆ ನಿಂತು ನೋಡಿದಾಗ ಮುಳ್ಳಿನ ಉಲ್ಟಾ ದಿಕ್ಕಿಗೇ ತಿರುಗುವಂಥದ್ದು. ಹಾಗಾಗಿ ಫ್ಲೈವೀಲ್ ತುದಿಗೆ ಪ್ರೊಪೆಲ್ಲರ್ ಹಾಕಿದರೆ ದಿಕ್ಕು ತಾನಾಗೇ ಸರಿಹೋಗುತ್ತೆ.

ಕ್ಲಚ್ ತುದಿಗೆ ಹಾಕಲೇಬೇಕಾದರೆ ಎರಡು ದಾರಿ. ಪುಷರ್ (ಉಲ್ಟಾ ದಿಕ್ಕಿಗೆ ತಿರುಗುವ) ಪ್ರೊಪೆಲ್ಲರ್ ಬಳಸಿ, ಇಲ್ಲವೇ ಸಿಡಿಐ ಹಾಕಿ ಎಂಜಿನ್ನನ್ನೇ ಉಲ್ಟಾ ಓಡಿಸಿ. ಟೂ-ಸ್ಟ್ರೋಕ್ ಎಂಜಿನ್‌ಗೆ ಪಿಸ್ಟನ್‌ನಿಂದಲೇ ಕಿಂಡಿ ತೆರೆದು ಮುಚ್ಚುವುದರಿಂದ ಯಾವ ದಿಕ್ಕಾದರೂ ಒಂದೇ, ಸ್ಪಾರ್ಕ್ ಸಮಯಕ್ಕೆ ಸರಿಯಾಗಿ ಬಂದರೆ ಸಾಕು. ಆದರೆ ಕ್ಲಚ್ ತುದಿಯ ಉಲ್ಟಾ ಥ್ರೆಡ್ ಆಮೇಲೆ ಕಾಟ ಕೊಡುತ್ತೆ. ನನ್ನ ಮಾತು ಕೇಳುವುದಾದರೆ ಫ್ಲೈವೀಲ್ ತುದಿಯೇ ಇರಲಿ.

## ಹಂತ 3: ಬಿಚ್ಚುವುದು

ಚೈನು, ಬಾರ್, ಹಿಡಿ, ಟ್ಯಾಂಕು, ಸ್ಟಾರ್ಟರ್ ಎಲ್ಲ ಸಲೀಸಾಗಿ ಬರುತ್ತವೆ. ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ. ಮುಖ್ಯವಾಗಿ ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವೆ ಏನೇನಿದೆ, ಯಾವ ಗ್ಯಾಸ್ಕೆಟ್ ಯಾವ ಕಡೆ ಮುಖ ಮಾಡಿದೆ ಅನ್ನುವುದು. ಯಾಕೆ ಅಂತ ಹಂತ 7ರಲ್ಲಿ ಹೇಳುತ್ತೇನೆ.

ಕ್ಲಚ್ ಬಿಚ್ಚುವಾಗ ಕ್ರ್ಯಾಂಕ್ ತಿರುಗದ ಹಾಗೆ ಹಿಡಿಯಬೇಕು. ಫ್ಲೈವೀಲ್ ರೆಕ್ಕೆಗೆ ಸ್ಕ್ರೂ ಡ್ರೈವರ್ ಕೊಟ್ಟು ತಡೆಯಬೇಡಿ, ರೆಕ್ಕೆ ಮುರಿಯುತ್ತೆ. ಪ್ಲಗ್ ತೆಗೆದು, ಪಿಸ್ಟನ್ ಎಕ್ಸಾಸ್ಟ್ ಕಿಂಡಿಯನ್ನು ಪೂರ್ತಿ ದಾಟಿ ಮೇಲೆ ಬಂದ ಮೇಲೆ ನೈಲಾನ್ ಹಗ್ಗವನ್ನು ಪ್ಲಗ್ ತೂತಿನಿಂದ ಒಳಗೆ ತುರುಕಿ. ಹಗ್ಗ ಮೆತ್ತೆಯ ಹಾಗೆ ಪಿಸ್ಟನ್ನನ್ನು ತಡೆಯುತ್ತೆ. ಪಿಸ್ಟನ್ ಕೆಳಗಿರುವಾಗ ಹಾಕಿದರೆ ಹಗ್ಗ ಕಿಂಡಿಗೆ ಸಿಕ್ಕಿ ತುಂಡಾಗುತ್ತೆ. ಇನ್ನೊಂದು ತುದಿ ಹೊರಗೇ ಇರಲಿ!

ಕ್ಲಚ್‌ನ ಥ್ರೆಡ್ ಸಾಮಾನ್ಯವಾಗಿ ಉಲ್ಟಾ. ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಮೇಲೆ ಬಾಣದ ಗುರುತಿರುತ್ತೆ, ನೋಡಿ. ಫ್ಲೈವೀಲ್ ನಟ್ ಮಾತ್ರ ಮಾಮೂಲಿ ಥ್ರೆಡ್ಡೇ.

ಫ್ಲೈವೀಲ್ ತೆಗೆಯಲು ಪುಲ್ಲರ್ ಬಳಸಿ. ಶಾಫ್ಟ್ ತುದಿಗೆ ಸುತ್ತಿಗೆ ಪೆಟ್ಟು ಕೊಡುವುದು ಹಳೇ ಪದ್ಧತಿ, ಕೆಲಸವೂ ಆಗುತ್ತೆ. ಆದರೆ ಆ ಪೆಟ್ಟು ನೇರ ಬೇರಿಂಗ್‌ಗೂ ಕ್ರ್ಯಾಂಕ್‌ಗೂ ಹೋಗುತ್ತೆ. ಕ್ರ್ಯಾಂಕ್ ಬಿಗಿಯಾಗಿ ಒತ್ತಿ ಜೋಡಿಸಿದ ತುಂಡುಗಳಿಂದ ಆಗಿರುತ್ತೆ. ಪೆಟ್ಟಿಗೆ ಕೂದಲೆಳೆಯಷ್ಟು ಸರಿದರೂ ಮುಂದೆ ಜನ್ಮವಿಡೀ ನಡುಗುತ್ತಿರುತ್ತೆ.

## ಹಂತ 4: ಕೇಸ್ ಟ್ರಿಮ್ ಮಾಡುವುದು, ಸೀಲ್, ಸೋರಿಕೆ ಪರೀಕ್ಷೆ

ಲೋಹದ ಕೇಸ್‌ನಲ್ಲಿ ಚೈನ್ ಎಣ್ಣೆಯ ಟ್ಯಾಂಕು, ಬಾರ್ ಕೂರುವ ಜಾಗ ಎಲ್ಲ ಒಂದೇ ಎರಕದಲ್ಲಿರುತ್ತೆ. ತೂಕ ಇಳಿಸಲು ಅದನ್ನೆಲ್ಲ ಕೊಯ್ಯಬೇಕು. ಕೊಯ್ಯುವ ಮೊದಲು ಮಾರ್ಕರ್‌ನಲ್ಲಿ ಉಳಿಸಬೇಕಾದ್ದನ್ನು ಗುರುತು ಮಾಡಿ: ಮೌಂಟ್ ಮಾಡಲು ನಾಲ್ಕು ಗಟ್ಟಿ ಜಾಗ, ಕೇಸ್‌ನ ಎರಡು ಭಾಗ ಸೇರಿಸುವ ಎಲ್ಲ ಬೋಲ್ಟ್ ತೂತುಗಳು, ಮ್ಯಾಗ್ನೆಟೊ (ಫ್ಲೈವೀಲ್‌ನ ಅಯಸ್ಕಾಂತದಿಂದ ಸ್ಪಾರ್ಕ್ ಕೊಡುವ ಹಳೇ ಇಗ್ನಿಷನ್) ಉಳಿಸಿಕೊಳ್ಳುವುದಾದರೆ ಕಾಯಿಲ್ ಕೂರುವ ಕಂಬಗಳು. ಕಾಯಿಲ್ ಕಂಬ ಕೊಯ್ದು ಕೂತವರನ್ನು ನಾನು ಒಬ್ಬರಿಗಿಂತ ಜಾಸ್ತಿ ನೋಡಿದ್ದೇನೆ.

ಒಂದು ಎಚ್ಚರಿಕೆ. ಈ ಕೇಸ್‌ಗಳು ಹೆಚ್ಚಾಗಿ ಮೆಗ್ನೀಸಿಯಂ ಮಿಶ್ರಲೋಹದವು. ಅದರ ಪುಡಿಗೆ ಕಿಡಿ ತಾಗಿದರೆ ಬೆಂಕಿ ಹತ್ತುತ್ತೆ, ಬೆಳ್ಳಗೆ ಕಣ್ಣು ಕುಕ್ಕುವ ಬೆಂಕಿ. ಅದಕ್ಕೆ ನೀರು ಹಾಕಬಾರದು, ಹಾಕಿದರೆ ಇನ್ನೂ ಜೋರಾಗುತ್ತೆ. ಒಣ ಮರಳಿನ ಬಕೆಟ್ ಪಕ್ಕದಲ್ಲಿರಲಿ. ಕಬ್ಬಿಣ ಉಜ್ಜಿದ ಗ್ರೈಂಡರ್ ಬಳಸಬೇಡಿ. ಕೈ ಗರಗಸ, ಅರ ನಿಧಾನವಾದರೂ ಒಳ್ಳೇದು. ಪುಡಿಯನ್ನು ರಾಶಿ ಬೀಳಲು ಬಿಡದೆ ಆಗಾಗ ಗುಡಿಸಿ ಹೊರಗೆ ಹಾಕಿ.

ಇಷ್ಟು ಬಿಚ್ಚಿದ ಮೇಲೆ ಕ್ರ್ಯಾಂಕ್ ಸೀಲ್ ಎರಡನ್ನೂ ಹೊಸದು ಹಾಕಿ. ಹಳೇದು ಚೆನ್ನಾಗಿ ಕಂಡರೂ ಹಾಕಿ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಎಂಜಿನ್‌ನ ರಬ್ಬರ್ ಗಟ್ಟಿಯಾಗಿರುತ್ತೆ.

ಆಮೇಲೆ ಸೋರಿಕೆ ಪರೀಕ್ಷೆ. ಎಕ್ಸಾಸ್ಟ್ ಮತ್ತು ಇನ್‌ಟೇಕ್ ಎರಡಕ್ಕೂ ರಬ್ಬರ್ ಹಾಳೆ ಇಟ್ಟು ಪಟ್ಟಿಯಿಂದ ಬಿಗಿದು ಮುಚ್ಚಿ, ಪ್ಲಗ್ ಹಾಕಿ, ಕ್ರ್ಯಾಂಕ್‌ಕೇಸ್‌ನ ಪಲ್ಸ್ ತೂತಿನಿಂದ (ಕಾರ್ಬೊರೇಟರ್ ಕಡೆಗೆ ಹೋಗುವ ಸಣ್ಣ ತೂತು, ಹಂತ 7ರಲ್ಲಿ ಬರುತ್ತೆ) ಕೈಪಂಪ್‌ನಲ್ಲಿ 7 ಪಿಎಸ್‌ಐ ಗಾಳಿ ಕೊಡಿ. ಅದಕ್ಕಿಂತ ಜಾಸ್ತಿ ಬೇಡ, ಸೀಲ್ ಹೊರಗೆ ಬರುತ್ತೆ. ಅರ್ಧ ನಿಮಿಷ ಮುಳ್ಳು ಅಲ್ಲೇ ನಿಲ್ಲಬೇಕು. ಇಳಿದರೆ ಸೋಪು ನೀರು ಹಚ್ಚಿ ಗುಳ್ಳೆ ಎಲ್ಲಿ ಬರುತ್ತೆ ನೋಡಿ.

ಈ ಪರೀಕ್ಷೆಯನ್ನು ಬಹಳ ಜನ ಮಾಡುವುದಿಲ್ಲ. ಕ್ರ್ಯಾಂಕ್‌ಕೇಸ್‌ಗೆ ಹೊರಗಿನ ಗಾಳಿ ನುಗ್ಗಿದರೆ ಮಿಶ್ರಣ ತೆಳುವಾಗುತ್ತೆ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ), ಐಡಲ್ ತಾನಾಗೇ ಏರುತ್ತೆ, ಕಾರ್ಬೊರೇಟರ್‌ನ ಸೂಜಿ ಎಷ್ಟು ತಿರುಗಿಸಿದರೂ ಟ್ಯೂನ್ ನಿಲ್ಲುವುದಿಲ್ಲ, ಕೊನೆಗೆ ಪಿಸ್ಟನ್ ಕಚ್ಚಿಕೊಳ್ಳುತ್ತೆ. ಆಗ ಬೈಸಿಕೊಳ್ಳುವುದು ಕಾರ್ಬೊರೇಟರ್!

## ಹಂತ 5: ಪ್ರೊಪೆಲ್ಲರ್ ಹಬ್

ಫ್ಲೈವೀಲ್ ಕೂರುವ ಶಾಫ್ಟ್ ತುದಿ ನೇರವಾಗಿರುವುದಿಲ್ಲ, ಸ್ವಲ್ಪ ಚೂಪಾಗುತ್ತಾ ಹೋಗುತ್ತೆ. ಅದೇ ಟೇಪರ್. ಹಬ್‌ನ ಒಳತೂತಿಗೂ ಅದೇ ಕೋನ ಬರಬೇಕು. ಲೇತ್‌ನವರಿಗೆ ಅಳತೆ ಬರೆದುಕೊಟ್ಟರೆ ಸಾಲದು, ಕ್ರ್ಯಾಂಕನ್ನೋ ಹಳೇ ಫ್ಲೈವೀಲನ್ನೋ ಕೈಗೇ ಕೊಡಿ.

ಪಕ್ಕದ ಸಣ್ಣ ಕೀ ಎಂಜಿನ್ನಿನ ಬಲವನ್ನು ಹೊರುತ್ತೆ ಅಂತ ಜನ ಅಂದುಕೊಂಡಿದ್ದಾರೆ. ಇಲ್ಲ. ಬಲ ಹೊರುವುದು ಟೇಪರ್‌ನ ಹಿಡಿತ. ಕೀ ಇರುವುದು ಸ್ಥಾನ ತೋರಿಸುವುದಕ್ಕೆ ಮಾತ್ರ. ಟೇಪರ್ ಸರಿಯಾಗಿ ಕೂರದಿದ್ದರೆ ಕೀ ಬೆಣ್ಣೆಯ ಹಾಗೆ ಕತ್ತರಿಸಿಹೋಗುತ್ತೆ.

ಕೂತಿದೆಯಾ ಅಂತ ನೋಡುವುದು ಹೀಗೆ. ಶಾಫ್ಟ್‌ನ ಟೇಪರ್‌ಗೆ ಮಾರ್ಕರ್‌ನಲ್ಲಿ ಉದ್ದಕ್ಕೆ ನಾಲ್ಕೈದು ಗೆರೆ ಎಳೆಯಿರಿ. ಹಬ್ ಹಾಕಿ ಕೈಯಲ್ಲಿ ಒತ್ತಿ, ಸ್ವಲ್ಪವೇ ತಿರುಗಿಸಿ, ತೆಗೆಯಿರಿ. ಗೆರೆ ಉದ್ದಕ್ಕೂ ಸಮನಾಗಿ ಉಜ್ಜಿಹೋಗಿದ್ದರೆ ಸರಿ. ಒಂದು ತುದಿಯಲ್ಲಿ ಮಾತ್ರ ಅಳಿಸಿ ಇನ್ನೊಂದು ತುದಿಯಲ್ಲಿ ಶಾಯಿ ಹಾಗೇ ಇದ್ದರೆ ಕೋನ ತಪ್ಪಿದೆ. ಸಣ್ಣ ವ್ಯತ್ಯಾಸವನ್ನು ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಉಜ್ಜಿ ಸರಿಮಾಡಬಹುದು. ದೊಡ್ಡ ವ್ಯತ್ಯಾಸ ಇದ್ದರೆ ಹಬ್ ಮತ್ತೆ ಮಾಡಿಸಿ. ಶಾಫ್ಟ್‌ಗೆ ಅರ ಹಾಕಬೇಡಿ, ಯಾವ ಕಾರಣಕ್ಕೂ.

ಹಬ್‌ಗೆ 6061-ಟಿ6 ಅಥವಾ 7075 ಅಲ್ಯೂಮಿನಿಯಂ ಸಾಕು. ಪ್ರೊಪೆಲ್ಲರ್ ಬೇರಿಂಗ್‌ಗೆ ಎಷ್ಟು ಹತ್ತಿರ ಇರುತ್ತೋ ಅಷ್ಟು ಒಳ್ಳೇದು. ಕೌಲ್ (ಎಂಜಿನ್ ಮುಚ್ಚುವ ಕವಚ) ಚೆಂದ ಕಾಣಲಿ ಅಂತ ಹಬ್ಬನ್ನು ಉದ್ದ ಮಾಡಿದರೆ ಶಾಫ್ಟ್ ಮೇಲೆ ಬೀಳುವ ಬಾಗುವ ಬಲ ಹೆಚ್ಚುತ್ತೆ. 40 ಸಿಸಿ ಮೇಲ್ಪಟ್ಟಿದ್ದಕ್ಕೆ ನಡುವಿನ ಒಂದೇ ನಟ್ ನಂಬಬೇಡಿ. ಎಂಜಿನ್ ಸ್ಟಾರ್ಟ್ ಆಗುವಾಗ ಉಲ್ಟಾ ಒದ್ದರೆ ಕ್ರ್ಯಾಂಕ್ ನಿಲ್ಲುತ್ತೆ, ಪ್ರೊಪೆಲ್ಲರ್ ಮುಂದೆ ತಿರುಗುತ್ತೆ, ನಟ್ ಸಡಿಲವಾಗುತ್ತೆ. ಸುತ್ತ ನಾಲ್ಕೋ ಆರೋ ಎಂ5 ಬೋಲ್ಟ್, ಮುಂದೆ ದಪ್ಪ ವಾಷರ್ ತಟ್ಟೆ ಇರಲಿ. ಹಬ್ ಹಿಡಿದಿರುವ ನಡುವಿನ ನಟ್‌ಗೆ ಥ್ರೆಡ್‌ಲಾಕರ್ (ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ. ಪ್ರೊಪೆಲ್ಲರ್ ತೂತುಗಳನ್ನು ಕೊರೆಯಲು ಡ್ರಿಲ್ ಜಿಗ್ ಬಳಸಿ, ಕಣ್ಣಳತೆ ಬೇಡ.

ಎಲ್ಲ ಬಿಗಿದ ಮೇಲೆ ಪ್ರೊಪೆಲ್ಲರ್ ತುದಿಗೆ ತಾಗುವ ಹಾಗೆ ಒಂದು ಕಡ್ಡಿ ನಿಲ್ಲಿಸಿ, ಕೈಯಲ್ಲಿ ಅರ್ಧ ಸುತ್ತು ತಿರುಗಿಸಿ. ಎರಡೂ ತುದಿ ಕಡ್ಡಿಯ ಅದೇ ಜಾಗದಲ್ಲಿ ಹಾದುಹೋಗಬೇಕು. 2 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಹಬ್‌ನ ಮುಖ ಓರೆಯಾಗಿದೆ.

## ಹಂತ 6: ಇಗ್ನಿಷನ್: ಮ್ಯಾಗ್ನೆಟೊ ಉಳಿಸೋದಾ, ಸಿಡಿಐ ಹಾಕೋದಾ?

ಮ್ಯಾಗ್ನೆಟೊ ಉಳಿಸಿಕೊಂಡರೆ ಬ್ಯಾಟರಿ ಬೇಡ, ತಂತಿ ಕಮ್ಮಿ. ಆದರೆ ಫ್ಲೈವೀಲ್ ತೂಕ ಹೊತ್ತುಕೊಂಡೇ ಹಾರಬೇಕು, ಮತ್ತು ಕೈಯಲ್ಲಿ ತಿರುಗಿಸಿದಾಗ ಸ್ಪಾರ್ಕ್ ಬರಲು ಕೆಲವೊಮ್ಮೆ ವೇಗ ಸಾಲದು. ತೂಕ ಇಳಿಸಲು ಫ್ಲೈವೀಲ್‌ನ ಗಾಳಿ ರೆಕ್ಕೆಗಳನ್ನು ಲೇತ್‌ನಲ್ಲಿ ಸಮನಾಗಿ ತೆಗೆಸಬಹುದು. ಅಯಸ್ಕಾಂತ ಇರುವ ಅಂಚು ಮತ್ತು ಅದರ ಎದುರಿನ ಸಮತೋಲನದ ತೂಕ ಮುಟ್ಟಬಾರದು. ಕಾಯಿಲ್ ಮತ್ತು ಫ್ಲೈವೀಲ್ ನಡುವೆ 0.3 ಮಿ.ಮೀ. ಅಂತರ ಸಾಮಾನ್ಯ. ವಿಸಿಟಿಂಗ್ ಕಾರ್ಡ್ ನಡುವೆ ಇಟ್ಟು ಬಿಗಿದರೆ ಸರಿಸುಮಾರು ಅಷ್ಟೇ ಬರುತ್ತೆ. ಕಾಯಿಲ್‌ನ ಕಿಲ್ ತಂತಿ ಕತ್ತರಿಸಿ ಎಸೆಯಬೇಡಿ. ಅದನ್ನು ಎಂಜಿನ್ ಮೈಗೆ ತಾಗಿಸಿದಾಗಲೇ ಎಂಜಿನ್ ನಿಲ್ಲುವುದು.

ನನ್ನ ಆಯ್ಕೆ ಸಿಡಿಐ. ಕೈಯಲ್ಲಿ ಒಂದು ಸಲ ಎಳೆದರೂ ಸ್ಪಾರ್ಕ್ ಬರುತ್ತೆ. ಸ್ಟಾರ್ಟ್ ಮಾಡುವಾಗ ಸ್ಪಾರ್ಕನ್ನು ತಡವಾಗಿ ಕೊಡುವುದರಿಂದ ಕೈಗೆ ಒದೆಯುವುದೂ ಕಮ್ಮಿ. ಹಬ್‌ನಲ್ಲಿ ಒಂದು ಚಿಕ್ಕ ಅಯಸ್ಕಾಂತ, ಕೇಸ್ ಮೂತಿಯಲ್ಲಿ ಸೆನ್ಸರ್, ನಡುವೆ 1ರಿಂದ 2 ಮಿ.ಮೀ. ಅಯಸ್ಕಾಂತದ ಒಂದು ಮುಖಕ್ಕೆ ಮಾತ್ರ ಸೆನ್ಸರ್ ಸ್ಪಂದಿಸುತ್ತೆ. ಅಂಟು ಹಾಕುವ ಮೊದಲೇ ಯಾವ ಮುಖ ಅಂತ ಪರೀಕ್ಷಿಸಿ.

ಟೈಮಿಂಗ್‌ಗೆ ಮೊದಲು ಪಿಸ್ಟನ್ ಸರಿಯಾಗಿ ತುದಿ ಮುಟ್ಟುವ ಬಿಂದು ಬೇಕು. ಪ್ಲಗ್ ತೂತಿನೊಳಗೆ ನೋಡಿ ಅಂದಾಜು ಮಾಡಬೇಡಿ, ಅಲ್ಲಿ ಪಿಸ್ಟನ್ ಹಲವು ಡಿಗ್ರಿವರೆಗೆ ಅಲುಗಿದ ಹಾಗೇ ಕಾಣುವುದಿಲ್ಲ. ಪ್ಲಗ್ ಜಾಗಕ್ಕೆ ಪಿಸ್ಟನ್ ತಡೆಯುವ ಮೊಂಡು ಬೋಲ್ಟ್ ಹಾಕಿ. ಡಿಗ್ರಿ ಚಕ್ರ ಕಟ್ಟಿ, ಒಂದು ಕಡೆಗೆ ತಾಗುವವರೆಗೆ ನಿಧಾನವಾಗಿ ತಿರುಗಿಸಿ ಗುರುತು ಹಾಕಿ, ಇನ್ನೊಂದು ಕಡೆಗೂ ತಿರುಗಿಸಿ ಗುರುತು ಹಾಕಿ. ಎರಡರ ನಡುವಿನ ಅರ್ಧವೇ ನಿಜವಾದ ಬಿಂದು. ಬೋಲ್ಟ್ ತೆಗೆದು, ಓಡುವ ದಿಕ್ಕಿನಲ್ಲಿ ಆ ಬಿಂದುವಿಗೆ 28 ಡಿಗ್ರಿ ಮೊದಲೇ ನಿಲ್ಲಿಸಿ, ಅಲ್ಲಿ ಸ್ಪಾರ್ಕ್ ಬರುವ ಹಾಗೆ ಸೆನ್ಸರ್ ಸರಿಸಿ ಬಿಗಿಯಿರಿ. ಸಿಡಿಐ ಜೊತೆ ಬಂದ ಕಾಗದದಲ್ಲಿ ಬೇರೆ ಡಿಗ್ರಿ ಹೇಳಿದ್ದರೆ ಅದನ್ನೇ ಪಾಲಿಸಿ.

ಪರೀಕ್ಷೆ ಮಾಡುವಾಗ ಪ್ಲಗ್ ಕ್ಯಾಪ್‌ನಲ್ಲೇ ಇರಬೇಕು, ಪ್ಲಗ್ ಮೈ ಎಂಜಿನ್‌ಗೆ ತಾಗಿರಬೇಕು, ಸುತ್ತ ಪೆಟ್ರೋಲ್ ಇರಬಾರದು. ಸ್ಪಾರ್ಕ್‌ಗೆ ದಾರಿ ಸಿಗದಿದ್ದರೆ ಅದು ಸಿಡಿಐ ಒಳಗೇ ಹಾರಿ ಅದನ್ನೇ ಸುಡುತ್ತೆ.

## ಹಂತ 7: ಕಾರ್ಬೊರೇಟರ್, ಮತ್ತು ಬೆಂಕಿಕಡ್ಡಿ ತಲೆಯಷ್ಟು ತೂತು

ಸಾದಲ್ಲಿರುವ ವಾಲ್ಬ್ರೊ ಅಥವಾ ಝಾಮಾ ಕಾರ್ಬೊರೇಟರನ್ನೇ ಬಳಸಬಹುದು. ಡಯಾಫ್ರಂ (ತೆಳು ಪೊರೆ) ಇರುವುದರಿಂದ ವಿಮಾನ ತಲೆಕೆಳಗಾದರೂ ಓಡುತ್ತೆ. ಒಳಗೇ ಪೆಟ್ರೋಲ್ ಎಳೆಯುವ ಪಂಪ್ ಇದೆ. ಆ ಪಂಪ್ ಓಡುವುದು ಕ್ರ್ಯಾಂಕ್‌ಕೇಸ್‌ನ ಒತ್ತಡದ ಏರಿಳಿತದಿಂದ, ಅದನ್ನೇ ಪಲ್ಸ್ ಅನ್ನುವುದು. ಪಲ್ಸ್ ಒಂದು ಸಣ್ಣ ತೂತಿನಿಂದ, ಇಲ್ಲವೇ ರಬ್ಬರ್ ಪೈಪ್‌ನಿಂದ ಬರುತ್ತೆ. ಆ ದಾರಿ ಮುಚ್ಚಿದರೆ ಪೆಟ್ರೋಲ್ ಬರುವುದು ನಿಲ್ಲುತ್ತೆ.

ನಾನೂ ಒಮ್ಮೆ ಎರಡು ಭಾನುವಾರ ಇದರಲ್ಲೇ ಕಳೆದೆ. ಚೋಕ್ ಮಾಡಿದರೆ ಸ್ಟಾರ್ಟ್ ಆಗುತ್ತೆ, ನಾಲ್ಕು ಸೆಕೆಂಡ್ ಚೆನ್ನಾಗಿ ಓಡುತ್ತೆ, ನಿಲ್ಲುತ್ತೆ. ಸೂಜಿ ತಿರುಗಿಸಿದೆ, ಡಯಾಫ್ರಂ ಬದಲಿಸಿದೆ, ಪ್ಲಗ್ ಬದಲಿಸಿದೆ. ಏನೂ ಇಲ್ಲ. ಕೊನೆಗೆ ಕಾರ್ಬೊರೇಟರ್ ಬಿಚ್ಚಿ ಗ್ಯಾಸ್ಕೆಟ್ ಕೈಯಲ್ಲಿ ಹಿಡಿದು ನೋಡಿದರೆ, ಅದರ ಮೂಲೆಯಲ್ಲಿ ಬೆಂಕಿಕಡ್ಡಿ ತಲೆಯಷ್ಟು ತೂತು ಇದೆ, ಕಾರ್ಬೊರೇಟರ್ ಕೂರುವ ಬ್ಲಾಕ್‌ನಲ್ಲಿ ಅದಕ್ಕೆ ಸರಿಯಾದ ತೂತು ಇನ್ನೊಂದು ಮೂಲೆಯಲ್ಲಿ. ಗ್ಯಾಸ್ಕೆಟ್ ಮಗುಚಿ ಹಾಕಿದ್ದೆ. ತಿರುಗಿಸಿ ಹಾಕಿದೆ, ಎರಡನೇ ಎಳೆತಕ್ಕೆ ಓಡಿತು. ನಿಮ್ಮ ಎಂಜಿನ್ನೂ ಕೆಲವು ಸೆಕೆಂಡ್ ಓಡಿ ನಿಲ್ಲುತ್ತಿದ್ದರೆ ಸೂಜಿ ಮುಟ್ಟುವ ಮೊದಲು ಇದನ್ನು ನೋಡಿ.

ಸಾದಲ್ಲಿ ಕಾರ್ಬೊರೇಟರ್ ರಬ್ಬರ್ ಕೊಳವೆಯ ಮೇಲೆ ಕೂತಿರುತ್ತೆ. ವಿಮಾನದಲ್ಲಿ ಅದು ನಡುಗಿ ಬಿರುಕು ಬಿಡುತ್ತೆ. ಅದರ ಬದಲು ಶಾಖ ತಡೆಯುವ ಗಟ್ಟಿ ಬ್ಲಾಕ್ ಮಾಡಿ ಹಾಕಿ, ಪಲ್ಸ್ ದಾರಿಯನ್ನು ಅದರಲ್ಲೇ ಕೊರೆಯಿರಿ.

ಇನ್ನೊಂದು ವಿಷಯ ಬೆಂಚ್ ಮೇಲೆ ಗೊತ್ತಾಗುವುದೇ ಇಲ್ಲ. ಡಯಾಫ್ರಂ ಮುಚ್ಚಳದಲ್ಲಿ ಒಂದು ಗಾಳಿ ತೂತು ಇರುತ್ತೆ. ಹಾರುವಾಗ ಗಾಳಿ ನೇರ ಅದಕ್ಕೆ ಬಡಿದರೆ ಮಿಶ್ರಣ ಏರುಪೇರಾಗುತ್ತೆ. ನೆಲದಲ್ಲಿ ಚೆನ್ನಾಗಿ ಓಡಿ ಗಾಳಿಯಲ್ಲಿ ಮಂಕಾಗುವ ಎಂಜಿನ್‌ಗೆ ಇದು ದೊಡ್ಡ ಕಾರಣ. ಆ ತೂತಿಗೆ ಸಣ್ಣ ಪೈಪ್ ಕೂರಿಸಿ ವಿಮಾನದ ಹೊಟ್ಟೆಯೊಳಗೆ ಬಿಡಿ.

ಥ್ರಾಟಲ್ ಸ್ಪ್ರಿಂಗ್ ತುಂಬಾ ಬಿಗಿಯಾಗಿದ್ದರೆ ಅದನ್ನು ಎಳೆಯುವ ಸಣ್ಣ ಮೋಟರ್‌ಗೆ, ಅಂದರೆ ಸರ್ವೊಗೆ ಭಾರ. ಹಗುರವಾದದ್ದು ಹಾಕಿ, ಪೂರ್ತಿ ತೆಗೆಯಬೇಡಿ. ಕೊಂಡಿ ಕಳಚಿದರೆ ಎಂಜಿನ್ ಐಡಲ್‌ಗೆ ಇಳಿಯಬೇಕು, ಏರಬಾರದು.

## ಹಂತ 8: ಸೈಲೆನ್ಸರ್, ಮೌಂಟ್, ಟ್ಯಾಂಕ್

ಸೈಲೆನ್ಸರ್ ಬೋಲ್ಟ್‌ಗೆ ಥ್ರೆಡ್‌ಲಾಕರ್ ಕೆಲಸ ಮಾಡುವುದಿಲ್ಲ, ಬಿಸಿಗೆ ಸೋಲುತ್ತೆ. ಬೋಲ್ಟ್ ತಲೆಗೆ ತೂತು ಕೊರೆದು ತಂತಿ ಕಟ್ಟಿ.

ಎಂಜಿನ್ ಕೂರುವ ಗೋಡೆ ಕನಿಷ್ಠ 6 ಮಿ.ಮೀ. ಬರ್ಚ್ ಪ್ಲೈವುಡ್ ಆಗಿರಲಿ. ಅದು ವಿಮಾನದ ಮೈಗೆ ಬರೀ ಅಂಟಿನಲ್ಲಿ ನಿಂತಿದ್ದರೆ ಮೂಲೆಗಳಿಗೆ ತ್ರಿಕೋನ ಪಟ್ಟಿ ಕೊಡಿ. ಸಿಂಗಲ್ ಸಿಲಿಂಡರ್ ಎಂಜಿನ್ನಿನ ನಡುಕ ಬರೀ ಅಂಟನ್ನು ನಿಧಾನವಾಗಿ ಬಿಡಿಸುತ್ತೆ.

ಟ್ಯಾಂಕ್‌ಗೆ ಪೆಟ್ರೋಲ್ ತಡೆಯುವ ರಬ್ಬರ್ ಬಿರಡೆ ಮತ್ತು ಪೈಪ್ ಬೇಕು. ಮೆಥನಾಲ್‌ನಲ್ಲಿ ಓಡುವ ಗ್ಲೋ ಎಂಜಿನ್‌ಗೆ ಬಳಸುವ ಸಿಲಿಕಾನ್ ಪೈಪ್ ಪೆಟ್ರೋಲ್‌ಗೆ ಉಬ್ಬಿ ಹಾಳಾಗುತ್ತೆ. ಮಿಶ್ರಣ 32ಕ್ಕೆ 1, ಅಂದರೆ 1 ಲೀಟರ್ ಪೆಟ್ರೋಲ್‌ಗೆ ಸುಮಾರು 31 ಮಿ.ಲೀ. ಒಳ್ಳೆಯ ಟೂ-ಸ್ಟ್ರೋಕ್ ಎಣ್ಣೆ.

ತಂಪಾಗುವ ಲೆಕ್ಕ ಮರೆಯಬೇಡಿ. ಸಾದಲ್ಲಿ ಫ್ಲೈವೀಲ್ ಫ್ಯಾನ್ ಗಾಳಿ ಊದುತ್ತಿತ್ತು, ಅದೀಗ ಇಲ್ಲ. ಕೌಲ್ ಹಾಕಿದರೆ ಬರುವ ಗಾಳಿ ಸಿಲಿಂಡರ್ ರೆಕ್ಕೆಗಳ ನಡುವೆಯೇ ಹಾದುಹೋಗುವ ಹಾಗೆ ಅಡ್ಡ ಹಲಗೆ ಕೊಡಿ. ಗಾಳಿ ಹೊರಹೋಗುವ ಕಿಂಡಿ ಒಳಬರುವ ಕಿಂಡಿಯ ಎರಡು ಮೂರು ಪಟ್ಟು ದೊಡ್ಡದಿರಬೇಕು.

## ಹಂತ 9: ಬೆಂಚ್ ಮೇಲೆ ಮೊದಲ ಓಟ

ವಿಮಾನದ ಮೇಲಲ್ಲ, ಬೆಂಚ್ ಮೇಲೆ. ಬೆಂಚ್ ನೆಲಕ್ಕೋ ಗೋಡೆಗೋ ಬಿಗಿದಿರಬೇಕು.

ಪ್ರೊಪೆಲ್ಲರ್ ಸೈಜಿಗೆ ಒಂದು ಅಂದಾಜು (ವ್ಯಾಸ × ಪಿಚ್, ಇಂಚಿನಲ್ಲಿ): 35–40 ಸಿಸಿಗೆ 18×8ರಿಂದ 20×8, 50 ಸಿಸಿಗೆ 22×8, 60 ಸಿಸಿಗೆ 23×8 ಅಥವಾ 24×8. ಹಾಕುವ ಮೊದಲು ಬ್ಯಾಲೆನ್ಸ್ ಮಾಡಿ.

ಸಡಿಲ ತೋಳು, ಶಾಲು, ಕೊರಳ ದಾರ ಬೇಡ. ತಿರುಗಿಸುವ ಕೈಗೆ ದಪ್ಪ ಚರ್ಮದ ಗ್ಲೌಸ್. ಪ್ರೊಪೆಲ್ಲರ್ ತಿರುಗುವ ಸಾಲಿನಲ್ಲಿ, ಅಂದರೆ ಪಕ್ಕದಲ್ಲಿ ಯಾರೂ ನಿಲ್ಲಬಾರದು. ಸೂಜಿ ತಿರುಗಿಸುವಾಗ ಯಾವಾಗಲೂ ಹಿಂದಿನಿಂದ ಬನ್ನಿ, ಮುಂದೆ ಕೈಚಾಚಿ ಅಲ್ಲ. ಮತ್ತು ಸ್ಟಾರ್ಟ್ ಮಾಡುವ ಮೊದಲೇ ಕಿಲ್ ಸ್ವಿಚ್ ಕೆಲಸ ಮಾಡುತ್ತಾ ಅಂತ ನೋಡಿ. ನಿಲ್ಲಿಸಲು ಬಾರದ ಎಂಜಿನ್ನನ್ನು ಸ್ಟಾರ್ಟ್ ಮಾಡಬಾರದು, ಅಲ್ವಾ?

ಕಾರ್ಬೊರೇಟರ್‌ನ ಎಲ್ ಸೂಜಿಯನ್ನು (ಕಮ್ಮಿ ವೇಗದ್ದು) ಮೆಲ್ಲಗೆ ಮುಚ್ಚಿ ಒಂದೂಕಾಲು ಸುತ್ತು ತೆರೆಯಿರಿ, ಎಚ್ ಸೂಜಿಯನ್ನು (ಹೆಚ್ಚು ವೇಗದ್ದು) ಒಂದೂವರೆ. ಚೋಕ್ ಹಾಕಿ, ಇಗ್ನಿಷನ್ ಆನ್ ಮಾಡಿ, ಒಂದು ಸಲ "ಪಟ್" ಅನ್ನುವವರೆಗೆ ತಿರುಗಿಸಿ. ಚೋಕ್ ತೆಗೆಯಿರಿ, ಮತ್ತೆ ತಿರುಗಿಸಿ. ಪಟ್ ಅಂದ ಮೇಲೂ ಚೋಕ್ ಹಾಕಿಯೇ ಎಳೆಯುತ್ತಿದ್ದರೆ ಪ್ಲಗ್ ಒದ್ದೆಯಾಗುತ್ತೆ.

ಹಳೇ ಎಂಜಿನ್‌ಗೆ ಹೊಸ ರಿಂಗ್ ಹಾಕಿಲ್ಲ ಅಂದರೆ ಗಂಟೆಗಟ್ಟಲೆ ಬ್ರೇಕ್-ಇನ್ (ಪಳಗಿಸುವ ಓಟ) ಬೇಕಿಲ್ಲ. ಅದು ಮರ ಕೊಯ್ಯುವಾಗಲೇ ಆಗಿಹೋಗಿದೆ.

## ಹಂತ 10: ಟ್ಯೂನಿಂಗ್

ಸಾ ಭಾರವಿಲ್ಲದೆ 12,000 ಆರ್‌ಪಿಎಂ ದಾಟಿ ಓಡುತ್ತಿತ್ತು. ಪ್ರೊಪೆಲ್ಲರ್ ಜೊತೆ ಅದು 6,500–7,500ರ ಆಸುಪಾಸಿನಲ್ಲಿ ನಿಲ್ಲುತ್ತೆ. ಹಾಗಾಗಿ ಹಳೇ ಸೂಜಿ ಸೆಟ್ಟಿಂಗ್ ಉಪಯೋಗಕ್ಕೆ ಬರುವುದಿಲ್ಲ. ಆರ್‌ಪಿಎಂ ಕಮ್ಮಿ ಬಂತು ಅಂತ ಗಾಬರಿಯಾಗಿ ಚಿಕ್ಕ ಪ್ರೊಪೆಲ್ಲರ್ ಹಾಕುವುದೂ ಬೇಡ.

ಮೊದಲು ಎಲ್. ಎರಡು ಮೂರು ನಿಮಿಷ ಬಿಸಿಯಾದ ಮೇಲೆ ಐಡಲ್ ಅತ್ಯಂತ ನಯವಾಗುವ ಜಾಗ ಹುಡುಕಿ, ಅಲ್ಲಿಂದ ಎಂಟನೇ ಒಂದು ಸುತ್ತು ತೆರೆಯಿರಿ. ಆಮೇಲೆ ಎಚ್. ಪೂರ್ತಿ ಥ್ರಾಟಲ್‌ನಲ್ಲಿ ಆರ್‌ಪಿಎಂ ತುದಿ ಮುಟ್ಟುವವರೆಗೆ ಮುಚ್ಚುತ್ತಾ ಹೋಗಿ, ಅಲ್ಲಿಂದ 200–300 ಆರ್‌ಪಿಎಂ ಇಳಿಯುವಷ್ಟು ತೆರೆಯಿರಿ. ತುದಿಯಲ್ಲೇ ಬಿಡುವ ಆಸೆ ಬೇಡ. ಎಚ್ ಮುಟ್ಟಿದ ಮೇಲೆ ಎಲ್ ಮತ್ತೆ ಸ್ವಲ್ಪ ನೋಡಬೇಕಾಗುತ್ತೆ.

ಎಂಜಿನ್ ಹೇಳುವುದನ್ನು ಹೀಗೆ ಓದಿ:

- ಥ್ರಾಟಲ್ ಥಟ್ಟನೆ ಕೊಟ್ಟಾಗ ಉಸಿರು ಹಿಡಿದ ಹಾಗೆ ನಿಂತರೆ ಎಲ್ ತೆಳುವಾಗಿದೆ.
- ಸ್ವಲ್ಪ ಹೊತ್ತು ಐಡಲ್ ಮಾಡಿದ ಮೇಲೆ ಗೊರಗೊರ ಅಂದು ಹೊಗೆ ಬಿಟ್ಟರೆ ಎಲ್ ದಪ್ಪವಾಗಿದೆ (ಪೆಟ್ರೋಲ್ ಜಾಸ್ತಿ).
- ಪೂರ್ತಿ ಥ್ರಾಟಲ್‌ನಲ್ಲಿ ಹತ್ತು ಸೆಕೆಂಡ್ ಆದ ಮೇಲೆ ಆರ್‌ಪಿಎಂ ತಾನಾಗೇ ಕುಸಿದರೆ ಎಚ್ ತೆಳುವಾಗಿದೆ. ತಕ್ಷಣ ಇಳಿಸಿ, ಇದು ಪಿಸ್ಟನ್ ಕಚ್ಚುವ ಮೊದಲಿನ ಸೂಚನೆ.
- ಐಡಲ್ ಇದ್ದಕ್ಕಿದ್ದಂತೆ ಏರಿದರೆ, ಅಥವಾ ಒಂದು ದಿನ ಇದ್ದ ಟ್ಯೂನ್ ಇನ್ನೊಂದು ದಿನ ಇಲ್ಲದಿದ್ದರೆ ಗಾಳಿ ಸೋರುತ್ತಿದೆ. ಹಂತ 4ಕ್ಕೆ ವಾಪಸ್.

## ಹಂತ 11: ವಿಮಾನಕ್ಕೆ ಕೂರಿಸುವುದು

ಥ್ರಾಟಲ್ ಕೊಂಡಿಗೆ ಲೋಹದ ಕಡ್ಡಿ ಬಳಸಬೇಡಿ, ನೈಲಾನ್ ಅಥವಾ ಬೇರೆ ಲೋಹವಲ್ಲದ್ದು ಇರಲಿ. ಇಗ್ನಿಷನ್ ಸಾಮಾನು ಮತ್ತು ರಿಸೀವರ್ ನಡುವೆ 30 ಸೆಂ.ಮೀ. ಅಂತರ ಕೊಡಿ, ಎರಡಕ್ಕೂ ಬೇರೆ ಬೇರೆ ಬ್ಯಾಟರಿ. ಸಿಗ್ನಲ್ ಹೋದರೆ ಥ್ರಾಟಲ್ ಐಡಲ್‌ಗೆ ಇಳಿಯುವ ಹಾಗೆ ಫೇಲ್‌ಸೇಫ್ ಇಟ್ಟು, ಟ್ರಾನ್ಸ್‌ಮಿಟರ್ ಆಫ್ ಮಾಡಿ ನಿಜವಾಗಿ ಇಳಿಯುತ್ತಾ ನೋಡಿ. ರೇಂಜ್ ಪರೀಕ್ಷೆಯನ್ನು ಎಂಜಿನ್ ಆಫ್ ಇದ್ದಾಗ ಒಮ್ಮೆ, ಓಡುವಾಗ ಒಮ್ಮೆ ಮಾಡಿ. ಎರಡರ ನಡುವೆ ದೊಡ್ಡ ವ್ಯತ್ಯಾಸ ಬಂದರೆ ಸ್ಪಾರ್ಕ್ ಪ್ಲಗ್ ತಂತಿಯ ಕವಚ ಎಲ್ಲೋ ಬಿಟ್ಟಿರಬಹುದು.

ಹಾರಿಸುವ ಮೊದಲು ಸಹಾಯಕ್ಕೆ ಒಬ್ಬರನ್ನು ಇಟ್ಟುಕೊಂಡು ವಿಮಾನದ ಮೂತಿ ಮೇಲೆತ್ತಿ ಹಿಡಿಸಿ, ಪೂರ್ತಿ ಥ್ರಾಟಲ್‌ನಲ್ಲಿ ಅರ್ಧ ನಿಮಿಷ. ಹಿಡಿಯುವವರು ರೆಕ್ಕೆಯ ಹಿಂದೆ ನಿಲ್ಲಬೇಕು. ಮೂತಿ ಮೇಲಾದಾಗ ಆರ್‌ಪಿಎಂ ಇಳಿದರೆ ಎಚ್ ಇನ್ನೂ ಸ್ವಲ್ಪ ತೆರೆಯಬೇಕು.

ಮೊದಲ ಹಾರಾಟ ಹತ್ತು ನಿಮಿಷ ಮೀರದಿರಲಿ. ಇಳಿದ ಕೂಡಲೇ ಎಲ್ಲ ಬೋಲ್ಟ್ ಒಮ್ಮೆ ಬಿಗಿದು ನೋಡಿ, ಮೌಂಟ್, ಸೈಲೆನ್ಸರ್, ಕಾರ್ಬೊರೇಟರ್, ಪ್ರೊಪೆಲ್ಲರ್. ಬೋಲ್ಟ್ ತಲೆಯ ಸುತ್ತ ಕಪ್ಪು ಪುಡಿ ಕಂಡರೆ ಆ ಬೋಲ್ಟ್ ಕಣ್ಣಿಗೆ ಕಾಣದಷ್ಟು ಅಲ್ಲಾಡುತ್ತಿದೆ. ಐದು ಹಾರಾಟ ಆದ ಮೇಲೆ ಹಬ್ ಎಳೆದು ತೆಗೆದು ಟೇಪರ್ ನೋಡಿ. ಮೈ ಬೂದು ಬಣ್ಣಕ್ಕೆ ಸಮನಾಗಿದ್ದರೆ ಒರೆಸಿ ಮತ್ತೆ ಬಿಗಿಯಿರಿ. ಅಲ್ಲಲ್ಲಿ ಕಂದು ತುಕ್ಕಿನಂಥ ಪುಡಿ, ಉಜ್ಜಿದ ಕಲೆ ಇದ್ದರೆ ಹಬ್ ಜಾರುತ್ತಿದೆ, ಹಂತ 5ರ ಮಾರ್ಕರ್ ಗೆರೆಗಳನ್ನು ಮತ್ತೆ ಎಳೆಯಬೇಕು.